ಕುಕ್ಕರ್‌ಗಾಗಿ ವಾಪಸ್ ಹೋದವಳು

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ತಮ್ಮ ಯೂನಿವರ್ಸಿಟಿಗಾಗಿ ನೆರೆ ಬಂದಾಗ ಏನು ಮಾಡಬೇಕೆಂಬ ಆನ್‌ಲೈನ್ ಪಾಠ ಬರೆಯುತ್ತಿದ್ದನಂತೆ.

“ಅಕ್ಕಾ, ನೆರೆ ನೀರಲ್ಲಿ ನೀನು ಕುಕ್ಕರ್ ತರೋಕೆ ಮನೆಗೆ ವಾಪಸ್ ಹೋಗಿದ್ದನ್ನ ಪಾಠದಲ್ಲಿ ಹಾಕ್ಲಾ?”

“ಬೀದಿಯೆಲ್ಲ ನಕ್ಕಿದ್ದು ಸಾಲ್ದೇನೋ?”

“ಹೆಸರು ಹಾಕಲ್ಲ ಕಣಕ್ಕಾ. ಹೀಗೆ ವಾಪಸ್ ಹೋಗೇ ಎಷ್ಟೋ ಜನ ಸಾಯ್ತಾರೆ.”

“ನನಗೇನಾಯ್ತು? ಗುಂಡುಕಲ್ಲಿನ ಹಾಗಿದ್ದೀನಿ.”

ಅಕ್ಕ ಡಾಕ್ಟರ ಬಾಗಿಲನ್ನೇ ನೋಡುತ್ತಿದ್ದಳು.

“ಹಾಕು. ಆದ್ರೆ ಅಷ್ಟಕ್ಕೇ ನಿಲ್ಲಿಸಬೇಡ. ನನ್ನನ್ನ ಹುಡುಕಿಕೊಂಡು ನಿಮ್ಮ ಭಾವ ಬಂದ್ರು, ಗೋಡೆ ಅವರ ಕಾಲ ಮೇಲೆ ಬಿತ್ತು ಅಂತಾನೂ ಬರಿ.”

ಬಾಗಿಲು ತೆರೆಯಿತು. ಊರುಗೋಲು ಹಿಡಿದು ಅಕ್ಕನ ಗಂಡ ಹೊರಬಂದರು.

“ಏನದು ಗುಸುಗುಸು?”

“ನಿಮ್ಮನ್ನ ಯೂನಿವರ್ಸಿಟಿಗೆ ಸೇರಿಸ್ತಿದ್ದೀವಿ,” ಎನ್ನುತ್ತ ಅಕ್ಕ ಹೆಗಲು ಕೊಟ್ಟಳು. ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಅಕ್ಕ ತಮ್ಮ ನಿಧಾನವಾಗಿ ಮೆಟ್ಟಿಲಿಳಿದರು.