ಆಪ್‌ಗೆ ಕಳಿಸಿದ ಹಲ್ಲು

ಬೆಳಿಗ್ಗೆ ಹತ್ತೂವರೆ. ದಂತವೈದ್ಯರ ಕೋಣೆಯ ಹೊರಗೆ ಕೆನ್ನೆ ಊದಿದ ಹೈಸ್ಕೂಲು ಹುಡುಗಿ ತಾಯಿಯ ಪಕ್ಕ ಕೂತಿದ್ದಳು. ಚೀಟಿ ಬರೆಯುತ್ತಿದ್ದ ನರ್ಸಿನ ಕೈ ಕಾಗದದ ಮೇಲಿದ್ದರೂ ಕಿವಿ ಅತ್ತಲೇ ಇತ್ತು.

“ದಿನಾ ಹಲ್ಲುಜ್ಜಿ ಶಾಲೆಯವರ ಆಪ್‌ಗೆ ಫೋಟೋ ಕಳಿಸ್ತಿದ್ದೆಯಲ್ಲೇ?”

“ಕಳಿಸ್ತಿದ್ದೆನಮ್ಮ. ನೂರಕ್ಕೆ ನೂರು. ಇಡೀ ಶಾಲೆಗೇ ಮೊದಲು.”

“ಮತ್ತೆ ದವಡೆಹಲ್ಲು ಹೇಗೆ ಹುಳುಕಾಯ್ತು?”

“ಫೋಟೋ ನನ್ನ ಹಲ್ಲಿಂದಲ್ಲ.”

“ಇನ್ಯಾರದು?”

“ತಾತಂದು. ರಾತ್ರಿ ಲೋಟದಲ್ಲಿ ಬಿಚ್ಚಿಡ್ತಾರಲ್ಲ, ಆ ಸೆಟ್ಟು.”

“ಅಯ್ಯೋ ಮಾರಾಯ್ತಿ! ಅದನ್ನ ದಿನಾ ತಿಕ್ಕಿ ತೊಳೆಯೋಳು ನಾನು ಕಣೇ!”

“ಅದಕ್ಕೇ ಅಷ್ಟು ಮಾರ್ಕ್ಸು. ‘ಹದಿನಾಲ್ಕು ವರ್ಷಕ್ಕೆ ಒಪ್ಪುವ ಹಲ್ಲು’ ಅಂತ ಆಪ್ ಬೇರೆ ಹೊಗಳ್ತು.”

“ಹಲ್ಲು ಬಿಡಬೇಡ. ನಾಳೆ ಶಾಲೇಲಿ ನಿನಗೆ ಬಹುಮಾನ ಕೊಡೋಕೆ ಬರೋರು ಒಳಗಿರೋ ಈ ಡಾಕ್ಟರೇ.”

“ಗೊತ್ತು. ಬೇರೆ ಕಡೆ ಹೋಗೋಣ ಅಂದರೆ ನೀನೆಲ್ಲಿ ಕೇಳ್ದೆ? ನನ್ನ ಮಾನ ಹೋಗುತ್ತಮ್ಮ.”

“ಅವರು ಕೇಳೋ ಮುಂಚೆ ನೀನೇ ಹೇಳ್ಬಿಡು.”

“ನನ್ನದೊಂದೇ ಅಲ್ಲಮ್ಮ. ತಾತನ ಹಲ್ಲಿನ ಫೋಟೋ ಕ್ಲಾಸಿನವರೆಲ್ಲ ಇಸ್ಕೊಂಡಿದಾರೆ.”

ನರ್ಸ್ ನಗು ನುಂಗಿಕೊಂಡು ಸರದಿ ಕೂಗಿದಳು. ತಾಯಿ ಮಗಳ ರಟ್ಟೆ ಹಿಡಿದು ಒಳಗೆ ನಡೆದಳು.

ಆ ಮಧ್ಯಾಹ್ನ ವೈದ್ಯರು ಶಾಲೆಗೆ ಫೋನ್ ಮಾಡಿ ಬಹುಮಾನ ನಿಲ್ಲಿಸಿದರು; ಮೊದಲ ಹತ್ತು ಸ್ಥಾನದವರನ್ನು ತಪಾಸಣೆಗೆ ಕಳಿಸಲು ಹೇಳಿದರು.