ಬೀರುವಿನೊಳಗಿನ ವೈಫೈ ಡಬ್ಬಿ

...ಮತ್ತೆ ಇನ್ನೆಲ್ಲಿ ಇಡ್ಲಿ, ನೀನೇ ಹೇಳು ಯಶೋದಾ? ಮೆಟ್ಲಾಗೆ ನೆಟ್ ವೈರು ಕಾಲಿಗೆ ತೊಡ್ರುತ್ತೆ ಅಂತ ಅದನ್ನ ಕಿತ್ತಾಕ್ಸಿ, ಊರಿಗೆ ಹೊರಡೋ ದಿನಾನೇ ಈ ವೈಫೈ ಡಬ್ಬಿ ತಂದೆ. ಎರಡು ಕೊಂಬಿನದು. ಹೊರಗಿಟ್ರೆ ಮಕ್ಕಳು ಮುರೀತವೆ, ಮಗ್ಗದ ಧೂಳು ಬೇರೆ. ಅದಕ್ಕೇ ದೇವ್ರ ಕೋಣೆ ಬೀರುನಾಗಿಟ್ಟೆ. ನಿಮ್ಮತ್ತೆ ಅರಿಶಿನ ಕುಂಕುಮ ಇಟ್ಲು, ನಾನು ಬೀಗ ಹಾಕ್ದೆ. ಹಿಂದೆ ತೂತು ಕೊರೆಸಿ ಕರೆಂಟೂ ಕೊಟ್ಟಿದೀನಲ್ಲ, ನೋಡು, ದೀಪ ಉರೀತಾನೇ ಐತೆ. ಮಹಡಿ ಮೇಲೆ ನಿನ್ನ ಕಂಪ್ಯೂಟರ್‌ಗೆ ನೆಟ್ಟು ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?

ಬೀಗದ ಕೈನಾ? ನನ್ನ ಉಡಿದಾರದಾಗಿತ್ತು. ಕಲ್ಯಾಣದುರ್ಗದಾಗೆ ನಿಮ್ಮ ಕಡೆಯೋರ್ದೇ ಮದುವೆ. ನೀನು ಡಿಸೈನ್ ಅಂತ ಬರ್ಲಿಲ್ಲ, ನಾನೂ ಹೋಗ್ಲಿಲ್ಲ ಅಂದ್ರೆ ನಿಮ್ಮಪ್ಪ ಮುನಿಸ್ಕೊಳ್ಳಲ್ವಾ? ಮೂರು ದಿನ ಅಲ್ಲೇ ಉಳ್ಕೊಂಡೆ. ಬೆಂಗಳೂರು ಸಾಹುಕಾರ್ರು ಶುಕ್ರವಾರ ಮಧ್ಯಾಹ್ನದೊಳಗೆ ಸೀರೆ ಅಂಚಿನ ಡಿಸೈನ್ ಕಳಿಸಿ, ಒಪ್ಪಿದ್ರೆ ವರ್ಷವೆಲ್ಲಾ ನಿಮ್ಮನೆ ಮಗ್ಗಕ್ಕೇ ಕೆಲಸ ಅಂದಿದ್ರಲ್ಲ, ಆ ಶುಕ್ರವಾರ ಅನ್ನೋದು ಮರ್ತೇ ಹೋಯ್ತು ಕಣಮ್ಮ. ನೆಟ್ ಸೆಂಟರ್‌ಗಾದ್ರೂ ಓಡ್ಬೇಕಿತ್ತು... ಅವತ್ತು ಊರೆಲ್ಲಾ ಬಂದ್ ಇತ್ತಾ? ಫೋನಿನಾಗೆ ಅಷ್ಟು ದೊಡ್ಡ ಫೈಲು ಹೋಗ್ಲಿಲ್ವಾ? ಹೂಂ. ಈಗ ಇನ್ಯಾರಿಗೋ ಕೊಟ್ಬುಟ್ರಂತೆ. ಹೋಗ್ಲಿ ಬುಡು.

ಅಳ್ತೀಯಾ? ಅಳು. ನಲವತ್ತು ವರ್ಷ ನಾನು ಗ್ರಾಫ್ ಕಾಗದದ ಮೇಲೆ ಚೌಕ ಚೌಕ ತುಂಬ್ದೋನು. ಒಂದೊಂದು ಅಂಚಿಗೆ ಒಂದೊಂದು ತಿಂಗಳು. ಕಣ್ಣು ಹೋದ್ವು. ನೀನು ಬಂದೆ, ಮೌಸ್ ಆಡಿಸ್ಕೊಂಡು ಎರಡು ದಿನದಾಗೆ ಮುಗಿಸ್ಬುಟ್ಟೆ. ಆ ಸಾಹುಕಾರ್ರು ಫೋನ್ ಮಾಡಿದ್ರೆ, ಜಯರಾಮಪ್ನೋರಾ, ಚೆನ್ನಾಗಿದೀರಾ, ಸೊಸೆಗೆ ಕೊಡಿ ಅಂತಾರೆ. ಸೊಸೆಗೆ ಕೊಡಿ! ನಿನ್ನ ಡಿಸೈನ್ ನಾನು ಕಣ್ಣೆತ್ತಿ ನೋಡಿಲ್ಲ, ನೋಡೋದೂ ಇಲ್ಲ. ಹುಳ ಹರಿದಂಗಿರ್ತದೆ.

ಯಾಕೆ, ಅಳ್ತಾ ಅಳ್ತಾ ನಗ್ತೀಯಲ್ಲ? ಏನು... ಪಾಪ, ಮಾವಯ್ಯನಿಗೆ ತಿಳೀಲಿಲ್ಲ ಅಂತಾನಾ? ವಯಸ್ಸಾಯ್ತು ಅಂತಾನಾ?

ನಾನೇನು ಏನೂ ತಿಳೀದ ಎಬ್ಬಂಕನಾ? ಶ್ರೀರಾಮುಲು ಅಂಗಡಿನಾಗೆ ಒಂದು ಗಂಟೆ ಕೂತು, ಒಂದೊಂದೂ ಕೇಳಿ ತಿಳ್ಕೊಂಡೇ ತಂದೆ. ಎತ್ತರದಾಗಿಡಿ ಅಂದ. ನಡುಮನೆನಾಗಿಡಿ ಅಂದ. 'ಪೆದ್ದಾಯನಾ, ಇನಪ ಬೀರುವಾಲೋ ಮಾತ್ರಂ ಪೆಟ್ಟೊದ್ದು' ಅಂತ ತೆಲುಗಿನಾಗೆ ಎರಡು ಸಲ ಹೇಳ್ದ, ದೊಡ್ಡೋರೇ, ಅಲ್ಲಿ ಮಾತ್ರ ಇಡ್ಬೇಡಿ ಅಂತ. ಕಬ್ಬಿಣದ ಬೀರುನಾಗಿಟ್ರೆ ಸಿಗ್ನಲ್ಲು ಆಚೆಗೆ ಬರಲ್ವಂತೆ, ಅಷ್ಟೂ ನಂಗೆ...

ಯಾಕೆ, ಕಣ್ಣೊರೆಸ್ಕೊಂಡು ಎದ್ದೆ?

ಯಶೋದಾ. ಹಂಗೆ ನೋಡ್ಬೇಡ.

ಹೂಂ, ಗೊತ್ತಿತ್ತು. ಬೇಕಂತ್ಲೇ ಇಟ್ಟೆ. ಬೇಕಂತ್ಲೇ ಬೀಗದ ಕೈ ತಗೊಂಡೋದೆ. ಸಾಕಾ? ಹೋಗು, ಯುವರಾಜನಿಗೆ ಹೇಳ್ಕೋ. ನಿನ್ನ ಗಂಡ ಬಂದು ನನ್ನನ್ನೇನು ಮಾಡ್ತಾನೆ ನೋಡ್ತೀನಿ.

ಏನದು ಕಾಗದ? ಪ್ರಿಂಟಾ? ನಂಗ್ಯಾಕೆ ಕೊಡ್ತೀಯ, ನೋಡಲ್ಲ ಅಂದ್ನಲ್ಲ... ತಡಿ, ಕನ್ನಡಕ... ಈ ಹಂಸ. ಕತ್ತು ಹಿಂದಕ್ಕೆ ತಿರುಗಿಸಿರೋ ಹಂಸ, ಮಧ್ಯೆ ಮೂರು ಮೊಗ್ಗು... ಇದು ನಂದಲ್ವಾ? ಯುವರಾಜ ಹುಟ್ಟಿದ ವರ್ಷ ಬರೆದಿದ್ದು. ಯಾರೂ ನೇಯ್ಸಲಿಲ್ಲ. ಅಟ್ಟದ ಮೇಲೆ ಗೆದ್ದಲು ತಿಂದಿತ್ತಲ್ಲ, ಚೂರು ಚೂರು... ಅವನ್ನ ನೀನು ಜೋಡಿಸ್ದ್ಯಾ? ಕೆಳಗೇನೋ ಸಣ್ಣಕ್ಕೆ ಬರೆದೈತೆ. ಓದಮ್ಮ, ನಂಗೆ ಕಾಣಲ್ಲ.

ಓದಲ್ವಾ? ಇರ್ಲಿ, ಬೆಳಕಿಗೆ ಹಿಡ್ದು ನಾನೇ ನೋಡ್ತೀನಿ.

ಡಿಸೈನ್... ಜಯರಾಮಪ್ಪ... ಹಿಂದೂಪುರ. ಶುಕ್ರವಾರ ಕಳಿಸ್ಬೇಕಿದ್ದಿದ್ದು ಇದನ್ನೇನಾ?

ಯಶೋದಾ, ಸಾಹುಕಾರ್ರಿಗೆ ಫೋನ್ ಹಾಕು. ಒಂದು ಸಲ ಹಾಕಮ್ಮ, ನಾನೇ ಮಾತಾಡ್ತೀನಿ, ಕಾಲು ಹಿಡ್ಕೊಂತೀನಿ... ಬೀರು ಬಾಗಿಲು ಯಾಕೆ ಮುಚ್ತೀಯ? ಡಬ್ಬಿ ಒಳಗೇ ಐತಲ್ಲ, ನಿಂಗದು ಇನ್ನು ಬೇಡ್ವಾ? ಯಶೋದಾ... ಬೀಗ ಹಾಕಿ, ಬೀಗದ ಕೈ ನಂಗ್ಯಾಕೆ ಕೊಡ್ತಿದೀಯ?