ವಾಲ್ವಿನ ಕೀಲಿ

ಶಾಹಜಾದಿ ದೂರು ಕೊಡಲು ಪುರಸಭೆಯ ಮುಂದಿನ ಸಾಲಿನಲ್ಲಿ ನಿಂತಿದ್ದಳು; ಅವಳ ಎಂಟನೇ ವಾರ್ಡಿಗೆ ನೀರು ಬಾರದೆ ನಾಲ್ಕು ದಿನವಾಗಿತ್ತು. ಬೇರೆ ವಾರ್ಡುಗಳ ಸದಸ್ಯರಾದ ಮಾದಮ್ಮ ಮತ್ತು ಸತ್ತಾರ್ ಹೊಸ ಅಧ್ಯಕ್ಷ ಪುಟ್ಟರಾಜುವನ್ನು ಜೀಪಿನ ಹತ್ತಿರವೇ ತಡೆದಾಗ ಅವಳು ಅತ್ತ ಕಿವಿಗೊಟ್ಟಳು.

“ವಾಲ್ವ್ ತಿರುಗ್ಸೋ ಆ ಉದ್ದನೆ ಕಬ್ಬಿಣದ ಕೀಲಿ ಎಲ್ಲೈತೆ ಅಧ್ಯಕ್ಷರೇ?” ಮಾದಮ್ಮ ಕೇಳಿದರು.

“ನೀರುಗಂಟಿ ಹತ್ರ ಐತೆ ಕಣಕ್ಕ. ಅವ್ನು ಮದ್ವೆಗೆ ಹೆತ್ತೂರಿಗೆ ಹೋಗವ್ನೆ.”

“ಮತ್ತೆ ಇವತ್ತು ನಿಮ್ಮ ಬೀದಿಗೆ ನೀರು ಬುಟ್ಟೋರ್ಯಾರು?” ಎಂದರು ಸತ್ತಾರ್.

“ಅದೇ ಬಂದಿರ್ಬೇಕು.”

ಮಾದಮ್ಮ ಜೀಪಿನ ಹಿಂದಿನ ಸೀಟಿನ ಟವೆಲ್ ಎತ್ತಿದರು. ಅಡಿಯಲ್ಲಿ ಉದ್ದನೆಯ ಕಬ್ಬಿಣದ ಸರಳಿತ್ತು.

“ಇದೇನು?”

“ಜಾಕಿ ರಾಡು.”

ಸತ್ತಾರ್ ಮುಟ್ಟಿ ನೋಡಿದರು. “ಇಂಥಾ ಬಿಸಿಲಲ್ಲೂ ಒದ್ದೆ ಐತಲ್ಲ ಮಾರಾಯ.”

ಅಧ್ಯಕ್ಷ ಟವೆಲನ್ನು ಮತ್ತೆ ಸರಳಿನ ಮೇಲೆ ಎಳೆದ. ಸದಸ್ಯರಿಬ್ಬರೂ ಜೀಪು ಹತ್ತಿ ಕೂತರು.

“ಮೊದ್ಲು ನನ್ನ ವಾರ್ಡಿಗೆ ನಡೀರಿ,” ಎಂದರು ಮಾದಮ್ಮ.

“ಆಮೇಲೆ ನಂದು,” ಎಂದರು ಸತ್ತಾರ್.

ಜೀಪು ಹೊರಟಿತು. ಎಂಟನೇ ವಾರ್ಡಿನ ಹೆಸರನ್ನು ಯಾರೂ ಎತ್ತಲಿಲ್ಲ.